ಐದು ಮನೆಯ ಮಲ್ಲಟ

ರಾಯಚೂರು ಜಿಲ್ಲೆಯ ಮಲ್ಲಟದ ಹೆಸರನ್ನು ಬ್ರೈಲಿನಲ್ಲಿ ಬರೆಯಲು ಐದು ಮನೆ ಸಾಕು. ಒಂದೊಂದು ಮನೆಯಲ್ಲೂ ಆರು ಚುಕ್ಕಿಗೆ ಜಾಗ: ಎಡಕ್ಕೆ ಮೇಲಿನಿಂದ ಕೆಳಗೆ 1, 2, 3, ಬಲಕ್ಕೆ 4, 5, 6. ಮೊದಲ ಮನೆ ‘ಮ’, ಅಲ್ಲಿ 1, 3, 4. ಎರಡನೆಯದರಲ್ಲಿ 4ನೇ ಚುಕ್ಕಿ ಒಂದೇ. ಅದು ಹಲಂತದ ಗುರುತು. ಆಮೇಲೆ ಎರಡು ಸಲ ‘ಲ’: 1, 2, 3. ಕೊನೆಗೆ ‘ಟ’, 1ನ್ನು ಬಿಟ್ಟು ಉಳಿದ ಐದೂ. ಅಚ್ಚಿನ ಕನ್ನಡದಲ್ಲಿ ಒತ್ತು ಅಕ್ಷರದ ಕೆಳಗಿಳಿಯುತ್ತದೆ. ಬೆರಳು ಓಡುವುದು ಸಾಲಿನ ಮೇಲೆ, ಅದಕ್ಕೆ ಕೆಳಗಿನ ಒತ್ತು ಎಟುಕದು. ಹಾಗಾಗಿ ಭಾರತದ ಭಾಷೆಗಳಿಗೆಂದು 1951ರಲ್ಲಿ ಒಪ್ಪಿಗೆಯಾದ ಭಾರತಿ ಬ್ರೈಲ್ ಒತ್ತಕ್ಷರವನ್ನು ಬಿಡಿಸಿ ಸಾಲಾಗಿ ಕೂರಿಸಿತು. ಮುಂದೆ ಬರುವುದು ಕೂಡಕ್ಷರ ಎಂದು ಮೊದಲೇ ಬೆರಳಿಗೆ ತಿಳಿಸುವ ಏರ್ಪಾಟು ಮಾಡಿತು. ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಕೆಲಸವದು.

ಯೂನಿಕೋಡ್ 1999ರ ತನ್ನ 3.0 ಆವೃತ್ತಿಯಲ್ಲಿ ಬ್ರೈಲಿಗೆ 256 ಸ್ಥಾನ ಕೊಟ್ಟಿತು. ಕಂಪ್ಯೂಟರ್ ಬ್ರೈಲಿನ 7, 8ನೇ ಚುಕ್ಕಿಗಳೂ ಸೇರಿದ್ದರಿಂದ ಅಷ್ಟು. ಆರು ಚುಕ್ಕಿಯವು ಮೊದಲ 64ರಲ್ಲೇ ಮುಗಿಯುತ್ತವೆ. ಲೆಕ್ಕ ಬಲು ಅಚ್ಚುಕಟ್ಟು. 1ನೇ ಚುಕ್ಕಿಯ ಬೆಲೆ 1, 2ನೆಯದರದು 2, 3ನೆಯದರದು 4, ಹೀಗೆ ದುಪ್ಪಟ್ಟಾಗುತ್ತ 8ನೆಯದಕ್ಕೆ 128. ನಮ್ಮ ‘ಮ’ಕ್ಕೆ 1, 4, 8 ಕೂಡಿಸಿದರೆ 13. ಖಾಲಿ ಮನೆಯನ್ನು ಸೊನ್ನೆ ಎಂದು ಹಿಡಿದು ಎಣಿಸಿದರೆ ಹದಿಮೂರನೆಯ ಸ್ಥಾನದಲ್ಲಿ ಅದು ಸಿಗುತ್ತದೆ.

ಸಿಗುವುದು ಆಕಾರ ಮಾತ್ರ. ‘1, 3, 4ನೇ ಚುಕ್ಕಿಗಳು’ ಎಂಬುದಷ್ಟೇ ಅದರ ಹೆಸರು, ಭಾಷೆಯ ಸುಳಿವಿಲ್ಲ. ಮಲ್ಲಟದ ಕೊನೆಯ ‘ಟ’ ಇದೆಯಲ್ಲ, ಸಂಕ್ಷಿಪ್ತ ಇಂಗ್ಲಿಷ್ ಬ್ರೈಲಿನಲ್ಲಿ ಅದೇ ಮನೆ ‘ವಿತ್’ ಎಂಬ ಇಡೀ ಪದ. ಗಡಿಯಾಚೆಯ ತೆಲುಗಿನಲ್ಲಿ ಅದು ತೆಲುಗಿನ ಟಕಾರ. ಆಕಾರಕ್ಕಷ್ಟೇ ಸಂಖ್ಯೆ ಕೊಡುವ ಯೂನಿಕೋಡಿನ ಈ ತೀರ್ಮಾನ ಸರಿ ಎಂದೇ ನನ್ನ ಅಭಿಪ್ರಾಯ. ಭಾಷೆಗೊಂದರಂತೆ ಬೇರೆ ಬೇರೆ ಸಂಖ್ಯೆ ಕೊಟ್ಟಿದ್ದರೆ, ಕಾಗದದ ಮೇಲೆ ಒಂದೇ ಆಗಿರುವ ಉಬ್ಬಿಗೆ ಹತ್ತಾರು ಗುರುತು ಹುಟ್ಟುತ್ತಿದ್ದವು. ಬ್ರೈಲ್ ಪ್ರಿಂಟರಿಗೆ ಬೇಕಾದದ್ದು ಯಾವ ಸೂಜಿ ಏಳಬೇಕು ಎಂಬುದೊಂದೇ.

ನನ್ನ ತಕರಾರಿರುವುದು ಚುಕ್ಕಿಯ ಕಡತವನ್ನೇ ಕನ್ನಡದ ಮೂಲಪ್ರತಿ ಎಂದು ಇಟ್ಟುಕೊಳ್ಳುವ ಅಭ್ಯಾಸದ ಬಗ್ಗೆ. ಅಂಥ ಕಡತದಲ್ಲಿ ‘ಮಲ್ಲಟ’ ಎಂದು ಹುಡುಕಿದರೆ ಸಿಗುವುದಿಲ್ಲ. ಪದಗಳ ನಡುವೆ ಮಾಮೂಲಿ ಸ್ಪೇಸ್ ಬದಲು ಬ್ರೈಲಿನ ಖಾಲಿ ಮನೆ ಬಿದ್ದಿದ್ದರಂತೂ ಯೂನಿಕೋಡ್ ಅದನ್ನು ತೆರಪು ಎಂದು ಎಣಿಸದೆ ಚಿಹ್ನೆಗಳ ಗುಂಪಿಗೆ ಸೇರಿಸುತ್ತದೆ. ಮೂಲ ಕನ್ನಡದಲ್ಲೇ ಇರಬೇಕು. ಕನ್ನಡ ಯೂನಿಕೋಡಿನಲ್ಲೂ ಮಲ್ಲಟಕ್ಕೆ ಐದೇ ಸಂಕೇತ: ಮ, ಲ, ಹಲಂತ, ಲ, ಟ. ಇಲ್ಲಿ ಹಲಂತ ಮೂರನೆಯದು, ಬ್ರೈಲಿನಲ್ಲಿ ಎರಡನೆಯದು. ಆ ಒಂದು ಹೆಜ್ಜೆಯ ಅದಲುಬದಲನ್ನು ಲಿಬ್‌ಲೂಯಿಯಂಥ ಮುಕ್ತ ತಂತ್ರಾಂಶ ಕೋಷ್ಟಕ ನೋಡಿ ಮಾಡಿಕೊಡುತ್ತದೆ. ಚುಕ್ಕಿ ಕಟ್ಟಕಡೆಗೆ ಹುಟ್ಟಿದರೆ ಸಾಕು.

ಆದರೆ ಎಷ್ಟೋ ಪುಸ್ತಕಗಳ ಕನ್ನಡ ಇನ್ನೂ ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲೇ ಇದೆ. ಅಲ್ಲಿ ಉಳಿದಿರುವುದೂ ಆಕಾರವೇ. ಬ್ರೈಲಿನ ಸ್ಥಾನಗಳು ತಾವು ಆಕಾರ ಎಂದು ಒಪ್ಪಿಕೊಳ್ಳುತ್ತವೆ. ಈ ಫಾಂಟುಗಳು ಪರದೆಯ ಮೇಲೆ ಕನ್ನಡವಾಗಿ ಕಂಡು, ಒಳಗೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಇಟ್ಟುಕೊಂಡಿರುತ್ತವೆ. ‘ಟ’ ಇರುವುದು ಇಂಗ್ಲಿಷಿನ ಸಣ್ಣ ‘ಎಲ್’ ಜಾಗದಲ್ಲಿ. ಪರಿವರ್ತಿಸದೆ ಹಾಗೇ ಬ್ರೈಲಿಗೆ ಕಳಿಸಿದರೆ ಎದ್ದು ಬರುವುದು 1, 2, 3, ಅಂದರೆ ‘ಲ’. ಇನ್ನು ಅರ್ಕಾವತ್ತು ಕಣ್ಣಿಗೆ ಕಂಡ ಹಾಗೆ ಅಕ್ಷರದ ಹಿಂದೆ ಕೂತಿರುತ್ತದೆ. ಪರಿವರ್ತಕ ಅದನ್ನು ಎತ್ತಿ ಮುಂದಕ್ಕೆ ತರದಿದ್ದರೆ ‘ಕರ್ನಾಟಕ’ ಹೋಗಿ ‘ಕನಾರ್ಟಕ’ ಆಗುತ್ತದೆ. ಅಚ್ಚಿನ ಪುಟದಲ್ಲಿ ಎಲ್ಲ ಸರಿಯಾಗಿಯೇ ಕಾಣುವುದರಿಂದ ಕರಡು ತಿದ್ದುವವರಿಗೆ ಈ ತಪ್ಪು ಗೊತ್ತಾಗುವುದಿಲ್ಲ. ಮೊದಲು ತಿಳಿಯುವುದು ಪಾಠ ಓದುತ್ತಿರುವ ಮಗುವಿನ ತೋರುಬೆರಳಿಗೆ.