ಹಿಮಾಲಯಕ್ಕೆ ಮೊದಲು ನೀಲಗಿರಿ

ಹಿಮಾಲಯಕ್ಕೆ ಹೊರಟವರು ನಂಜನಗೂಡಿನಲ್ಲಿ ಸಿಕ್ಕಾಗಲೆಲ್ಲ ನಾನು ಹೇಳುವುದು ಒಂದೇ ಮಾತು: ಹೋಗಿ ಬನ್ನಿ, ಆದರೆ ಅದಕ್ಕೆ ಮೊದಲು ಒಂದು ದಿನ ನೀಲಗಿರಿ ನೋಡಿ. ಊಟಿಯ ಕೆರೆ, ಹೂದೋಟಗಳನ್ನಲ್ಲ, ಅಲ್ಲಿನ ಕಲ್ಲನ್ನು.

ಹಿಮಾಲಯ ಎಳೆಯ ಪರ್ವತ. ನಮ್ಮ ಭೂಫಲಕ ಏಷ್ಯಾಕ್ಕೆ ಗುದ್ದಿ ಸುಮಾರು 5 ಕೋಟಿ ವರ್ಷವಾಯಿತು, ತಳ್ಳಾಟ ಇನ್ನೂ ನಿಂತಿಲ್ಲ. ಎದ್ದು ನಿಂತದ್ದರಲ್ಲಿ ಹಳೆಯ ಸಮುದ್ರದ ತಳವೂ ಇದೆ. ದೇವರ ಮನೆಯ ಸಾಲಿಗ್ರಾಮದಲ್ಲಿರುವ ಚಕ್ರ ಆ ಸಮುದ್ರದ ಜೀವಿಯ ಅಚ್ಚು. ಆದರೆ ಪರ್ವತದ ಬೇರು ಅಲ್ಲಿ ಆಳದಲ್ಲೇ ಹುದುಗಿದೆ. ಬೇರು ಕಾಣಬೇಕಾದರೆ ಮೇಲಿನದೆಲ್ಲ ಸವೆದು ಹೋಗಿರಬೇಕು. ಅದು ನಮ್ಮ ದಕ್ಷಿಣದಲ್ಲಿ ಆಗಿಹೋಗಿದೆ.

ಗುಂಡ್ಲುಪೇಟೆ, ಬಂಡೀಪುರ ದಾಟಿದ ಮೇಲೆ ತೆಪ್ಪಕಾಡಿನ ಸೇತುವೆಯ ಕೆಳಗೆ ಹರಿಯುವುದು ಮೋಯಾರ್. ಸಣ್ಣ ಹೊಳೆಯೆಂದು ಕಡೆಗಣಿಸಬೇಡಿ. ಸುಮಾರು 250 ಕೋಟಿ ವರ್ಷದ ಹಿಂದೆ ನಮ್ಮ ಕಡೆಯ ನೆಲಕ್ಕೆ ನೀಲಗಿರಿಯ ನೆಲ ಬಂದು ಬೆಸೆದುಕೊಂಡಿತು. ಆ ಹೊಲಿಗೆಯ ಗುಂಟವೇ ಮೋಯಾರ್ ಹರಿಯುತ್ತದೆ. ಅಲ್ಲಿ ಕಲ್ಲು ಅರೆದು ನುಗ್ಗಾಗಿದೆ, ಕಣಿವೆ ಕೊರೆಯಲು ನೀರಿಗೆ ದಾರಿ ಸಿಕ್ಕಿತು.

ಮಸಿನಗುಡಿ ಬಿಟ್ಟು ಕಲ್ಹಟ್ಟಿ ಘಾಟಿಯ 36 ತಿರುವು ಏರುವಾಗ ರಸ್ತೆಗೆ ಕಡಿದ ಬಂಡೆಯನ್ನು ನೋಡಿ. ಎಣ್ಣೆ ಸವರಿದಂಥ ಹೊಳಪು, ಹಸಿರಿಗೆ ತಿರುಗಿದ ಕಪ್ಪು, ಕೆಲವೆಡೆ ದಾಳಿಂಬೆ ಬೀಜದಂಥ ಗಾರ್ನೆಟ್ ಹರಳು. ಇದು ಚಾರ್ನೊಕೈಟ್. ಕೊಲ್ಕತ್ತಾದಲ್ಲಿ ಜಾಬ್ ಚಾರ್ನಾಕ್‌ನ ಸಮಾಧಿಗೆ ಹಾಸಿದ್ದು ಇದೇ ಜಾತಿಯ ಕಲ್ಲು, ಅದರಿಂದಲೇ ಥಾಮಸ್ ಹಾಲೆಂಡ್ ಈ ಹೆಸರಿಟ್ಟ. ನೆಲದಡಿ 25-30 ಕಿ.ಮೀ. ಆಳದಲ್ಲಿ, ನೀರಿನ ಪಸೆಯೂ ಇಲ್ಲದ ಕಾವಿನಲ್ಲಿ ಬೆಂದ ಕಲ್ಲಿದು. ಅದರ ಮೇಲಿದ್ದ ಅಷ್ಟೂ ಪರ್ವತ ಕರಗಿ ಹೋಗಿರುವುದರಿಂದ ಇವತ್ತು ನಮ್ಮ ಕೈಗೆ ತಾಕುತ್ತದೆ. 2,637 ಮೀಟರಿನ ದೊಡ್ಡಬೆಟ್ಟದ ಎತ್ತರ ಮಾತ್ರ ಆ ಗುದ್ದಾಟದ್ದಲ್ಲ; ಅದು ಬಹಳ ಕಾಲದ ಮೇಲೆ ನೆಲ ಮತ್ತೆ ಮೇಲೆದ್ದದ್ದು. ಬರಿಯ ಎತ್ತರ ನೋಡಿ ಬರುವವರಿಗೆ ನೀಲಗಿರಿ ಅರ್ಧವೂ ದಕ್ಕುವುದಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ತಿ. ನರಸೀಪುರದವರಿಗೆ ಇಷ್ಟು ದೂರವೂ ಬೇಡ. ಯಳಂದೂರಿನ ದಾರಿಯಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋದರೆ ಇದೇ ಜಾತಿಯ ಕಲ್ಲು ಸಿಗುತ್ತದೆ.

ಎರಡೂ ಕಡೆ ಹುಲಿ, ಆನೆಗಳ ಕಾಡು. ಕಾಡಿನೊಳಗೆ ಗಾಡಿ ನಿಲ್ಲಿಸಬೇಡಿ, ಕಲ್ಲು ಒಡೆದು ತರಬೇಡಿ. ಬಂಡೀಪುರದ ರಸ್ತೆ ರಾತ್ರಿ 9ಕ್ಕೆ ಮುಚ್ಚಿ ಬೆಳಿಗ್ಗೆ 6ಕ್ಕೆ ತೆರೆಯುತ್ತದೆ. ನಸುಕಿನಲ್ಲೇ ಊರು ಬಿಡಿ.