ಏಳು ರಾತ್ರಿಯ ಲೆಕ್ಕ

ಗಿಫ್ಟ್ ಇದೆ, ಗಂಡ ಹೆಂಡತಿ ಇಬ್ಬರೂ ಬನ್ನಿ ಅಂತ ಫೋನ್ ಬಂತು. ಹೋದ್ವಿ. ಟೈಮ್‌ಶೇರ್ ಮಾರೋ ಹುಡುಗ, "ಹೋಟೆಲ್ ರೇಟು ಏರ್ತಾನೇ ಇರುತ್ತೆ ಸರ್, ಇವತ್ತಿನ ದುಡ್ಡಲ್ಲಿ 25 ವರ್ಷದ ರಜೆ ತಗೊಳ್ಳಿ" ಅಂದ. ಸುಳ್ಳಲ್ಲ, ಡಿಸೆಂಬರಿನಲ್ಲಿ ಮಡಿಕೇರಿಯಲ್ಲಿ ರೂಮ್ ಹುಡುಕಿದವರಿಗೆ ಗೊತ್ತು. ಆದರೆ ಪ್ರತಿ ವರ್ಷ ಕಟ್ಟೋ ನಿರ್ವಹಣಾ ಶುಲ್ಕವೂ ಏರುತ್ತೆ ಅನ್ನೋದು ಅವನ ಸ್ಲೈಡಿನಲ್ಲಿರಲಿಲ್ಲ.

ಐದು ಲಕ್ಷ ಕಟ್ಟಿದ್ರಿ ಅಂದ್ಕೊಳ್ಳಿ. ಶೇ. 7ರ ಎಫ್‌ಡಿಯಲ್ಲಿಟ್ಟಿದ್ರೆ ಆ ದುಡ್ಡು ವರ್ಷಕ್ಕೆ 35,000 ತರ್ತಿತ್ತು, ಅಸಲೂ ಉಳೀತಿತ್ತು. ಅದರ ಜೊತೆ ಶುಲ್ಕ 20,000 ಅಂತಿಟ್ಟು ಏಳು ರಾತ್ರಿಗೆ ಹಂಚಿ: ರಾತ್ರಿಗೆ ಸುಮಾರು 7,850, ಊಟ ಬೇರೆ. ನಮಗಿಬ್ಬರಿಗೂ ಒಟ್ಟಿಗೆ ರಜೆ ಸಿಗೋದೇ ಮೂರು ರಾತ್ರಿಗೆ. ಆಗ ಅದೇ ರೂಮು 18,000 ದಾಟುತ್ತೆ! ಉಳಿದದ್ದು ಮುಂದಿನ ವರ್ಷಕ್ಕೆ ಅಂದ ಹುಡುಗ. ಮುಂದಿನ ವರ್ಷ ನಮ್ಮ ಮ್ಯಾನೇಜರ್ ಬದಲಾಗ್ತಾರಾ?

ಆರು ತಿಂಗಳು ಮೊದಲೇ ಬುಕ್ ಮಾಡಿ ಏಳೂ ರಾತ್ರಿ ಮಕ್ಕಳ ಜೊತೆ ಹೋಗುವವರಿಗೆ ಉಳಿತಾಯ ಆದೀತು. ನಾವು ಗಿಫ್ಟ್ ಕೂಪನ್ ತಗೊಂಡು ಎದ್ದು ಬಂದ್ವಿ.