ಕರೋಕೆ ಮಷೀನಿನ ರಸೀದಿ

‘ಎವ್ರಿಥಿಂಗ್ ಎವ್ರಿವೇರ್ ಆಲ್ ಅಟ್ ಒನ್ಸ್’ ಸಿನಿಮಾಕ್ಕೆ 2023ರಲ್ಲಿ ಏಳು ಆಸ್ಕರ್ ಬಂದಾಗ ಎಲ್ಲರೂ ಮಾತಾಡಿದ್ದು ಮಲ್ಟಿವರ್ಸ್ ಬಗ್ಗೆ, ಮಿಷೆಲ್ ಯೋ ಅವರ ಕುಂಗ್‌ಫು ಬಗ್ಗೆ. ನನಗೆ ಮಾತ್ರ ಶುರುವಿನ ದೃಶ್ಯದಲ್ಲೇ ದುಡ್ಡು ವಸೂಲಾಗಿತ್ತು. ಅಮೆರಿಕದಲ್ಲಿ ಗಂಡನ ಜೊತೆ ಲಾಂಡ್ರಿ ನಡೆಸುವ ಚೀನೀ ಮೂಲದ ಎವೆಲಿನ್ ಮೇಜಿನ ತುಂಬ ರಸೀದಿ ಹರಡಿಕೊಂಡು ಕೂತಿದ್ದಾಳೆ. ಇವತ್ತೇ ತೆರಿಗೆ ಕಚೇರಿಗೆ ಹೋಗಬೇಕು, ಸಂಜೆ ಪಾರ್ಟಿ ಇದೆ, ಅಪ್ಪನಿಗೆ ತಿಂಡಿ ಆಗಬೇಕು, ಗಿರಾಕಿಗಳು ಕಾಯ್ತಿದ್ದಾರೆ. ಮಗಳು ಏನೋ ಮುಖ್ಯವಾದದ್ದು ಹೇಳೋಕೆ ಬಂದಿದ್ದಾಳೆ, ಗಂಡನಿಗೂ ಏನೋ ಹೇಳಬೇಕಾಗಿದೆ. ಎವೆಲಿನ್ ಯಾರ ಮಾತನ್ನೂ ಕೊನೆತನಕ ಕೇಳಲ್ಲ. ನೋಡುವವರಿಗೇ ಉಸಿರು ಕಟ್ಟುತ್ತೆ.

ಚಿತ್ರದಲ್ಲಿ ಎಡಿಎಚ್‌ಡಿ ಅನ್ನೋ ಹೆಸರು ಎಲ್ಲೂ ಬರಲ್ಲ. ಆದರೆ ಇಬ್ಬರು ನಿರ್ದೇಶಕರಲ್ಲಿ ಒಬ್ಬರಾದ ಡೇನಿಯಲ್ ಕ್ವಾನ್ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ: ಎವೆಲಿನ್‌ಗೆ ಪತ್ತೆಯಾಗದ ಎಡಿಎಚ್‌ಡಿ ಇದ್ದರೆ ಹೇಗೆ ಅಂತ ಅದರ ಬಗ್ಗೆ ಓದಲು ಕೂತರಂತೆ, ಓದ್ತಾ ಓದ್ತಾ ಇದು ತನ್ನದೇ ಕಥೆ ಅನ್ನಿಸಿತಂತೆ. ಆಮೇಲೆ ವೈದ್ಯರ ಹತ್ತಿರವೂ ಅದೇ ಖಚಿತವಾಯಿತು. ಇದು ಗೊತ್ತಾದ ಮೇಲೆ ಚಿತ್ರದ ಗದ್ದಲ ಬೇರೆ ಥರ ಕೇಳಿಸುತ್ತೆ. ‘ಗಮನದ ಕೊರತೆ’ ಅನ್ನೋ ಹೆಸರೇ ಸ್ವಲ್ಪ ದಾರಿ ತಪ್ಪಿಸುವಂಥದ್ದು. ಗಮನ ಬೇಕಾದಷ್ಟಿರುತ್ತೆ, ಯಾವುದಕ್ಕೆ ಎಷ್ಟು ಅಂತ ಅಳೆದು ಕೊಡುವವರು ಒಳಗೆ ಇರಲ್ಲ. ಸಂಕಲನಕಾರ ಪಾಲ್ ರೋಜರ್ಸ್ ಆಸ್ಕರ್ ಗೆದ್ದದ್ದು ಇದನ್ನು ಡೈಲಾಗ್ ಇಲ್ಲದೆ, ಬರೀ ಕಟ್‌ಗಳಲ್ಲಿ ಕಾಣಿಸಿದ್ದಕ್ಕೇ ಅಂತ ನಾನು ನಂಬಿದ್ದೇನೆ.

ಇನ್ನು ಆ ಕರೋಕೆ ಮಷೀನು. ತೆರಿಗೆ ಅಧಿಕಾರಿ ಅದರ ರಸೀದಿಗೆ ಪೆನ್ನಿನಿಂದ ಕಪ್ಪು ಸುತ್ತು ಹಾಕಿ, ಲಾಂಡ್ರಿಗೆ ಇದೇಕೆ ಅಂತ ಕೇಳ್ತಾಳೆ. ಉಳಿದ ಲೆಕ್ಕ ನೋಡಿದರೆ ಎವೆಲಿನ್ ಹಾಡು ಹೇಳಿಕೊಡುವವಳು, ಲೇಖಕಿ, ಅಡುಗೆಯವಳು, ಎಲ್ಲವೂ! ಯಾವುದೂ ಮುಗಿದಿಲ್ಲ. ದೊಡ್ಡವರ ಎಡಿಎಚ್‌ಡಿ ಬಗ್ಗೆ ಇದಕ್ಕಿಂತ ನಿಜವಾದ ದಾಖಲೆ ನಾನು ತೆರೆಯ ಮೇಲೆ ನೋಡಿಲ್ಲ. ಕೂತಲ್ಲಿ ಕೂರದ ಮಗು ಎಲ್ಲರ ಕಣ್ಣಿಗೂ ಬೀಳುತ್ತೆ. ಮೂವತ್ತೈದರ ಹೊತ್ತಿಗೆ ಉಳಿಯೋದು ಮೂರೇ ಕ್ಲಾಸಿಗೆ ನಿಂತ ಗಿಟಾರು, ಲೇಟ್ ಫೀ, ಜನವರಿಯಲ್ಲಿ ಎಚ್‌ಆರ್ ಕೇಳಿದ ಬಾಡಿಗೆ ರಸೀದಿಗಾಗಿ ಕೊನೇ ರಾತ್ರಿಯ ಹುಡುಕಾಟ. ‘ಅಯ್ಯೋ, ಅದು ಎಲ್ಲರಿಗೂ ಇರುತ್ತೆ ಬಿಡಿ’ ಅನ್ನುವವರಿಗೊಂದು ಮಾತು. 2013ರ ಡಿಎಸ್‌ಎಂ-5 ಕೈಪಿಡಿ ಪ್ರಕಾರ ಲಕ್ಷಣಗಳು 12ನೇ ವಯಸ್ಸಿಗೆ ಮುಂಚೆಯೇ ಕಂಡಿರಬೇಕು, ಮನೆ, ಆಫೀಸು ಹೀಗೆ ಕನಿಷ್ಠ ಎರಡು ಕಡೆ ಇರಬೇಕು, ಬದುಕಿಗೆ ತೊಡಕಾಗಿರಬೇಕು. ಕಳೆದ ತಿಂಗಳಿಂದ ಮೀಟಿಂಗಿನಲ್ಲಿ ತಲೆ ನಿಲ್ತಿಲ್ಲ ಅನ್ನೋದು ಸಾಲದು.

ಚಿತ್ರ ನನಗೆ ಕೈಕೊಟ್ಟಿದ್ದು ಮಲ್ಟಿವರ್ಸ್ ಶುರುವಾದ ಮೇಲೆ. ಬೇರೆ ವಿಶ್ವದಿಂದ ಬಂದವನು ಎವೆಲಿನ್‌ಗೆ ವಿವರಿಸ್ತಾನೆ: ನೀನು ಎಲ್ಲ ಎವೆಲಿನ್‌ಗಳಲ್ಲೂ ಅತ್ಯಂತ ಸೋತವಳು, ಅದಕ್ಕೇ ಜಗತ್ತು ಉಳಿಸೋಕೆ ನೀನೇ ಸರಿ ಅಂತ. ಕೇಳೋಕೆ ಹಿತವಾಗಿದೆ. ಇದೇ ಮಾತು ಈಗ ‘ಎಡಿಎಚ್‌ಡಿ ನಿಮ್ಮ ಸೂಪರ್‌ಪವರ್’ ಅಂತ ರೀಲ್ಸ್‌ಗಳಲ್ಲಿ ಓಡಾಡ್ತಿದೆ. ಕಟ್ಟದೆ ಉಳಿದ ಬಿಲ್ಲು, ಮುರಿದ ಸಂಬಂಧ, ಹೋದ ಕೆಲಸ ಇವಕ್ಕೆಲ್ಲ ಇನ್ಯಾವುದೋ ವಿಶ್ವದಲ್ಲಿ ಬಡ್ಡಿ ಸಮೇತ ಪರಿಹಾರ ಸಿಗುತ್ತೆ ಅಂದುಕೊಂಡರೆ, ಈ ವಿಶ್ವದ ಕೆಲಸ ಹಾಗೇ ಬಿದ್ದಿರುತ್ತೆ. ಮೀಥೈಲ್‌ಫೆನಿಡೇಟ್‌ನಂಥ ಔಷಧ ಎಲ್ಲರಿಗೂ ಒಗ್ಗಲ್ಲ ನಿಜ, ಒಗ್ಗಿದವರಿಗೆ ಅದರಿಂದ ಆಗೋದೂ ಪವಾಡವಲ್ಲ: ಹಿಡಿದ ಕಾಗದ ಮುಗಿಯುವತನಕ ಕೈಯಲ್ಲೇ ಇರುತ್ತೆ, ಅಷ್ಟೆ. ಕುಂಗ್‌ಫುಗೆ ಹೋಲಿಸಿದರೆ ಬಲು ಸಪ್ಪೆ, ಒಪ್ಪಿದೆ.

ಗಂಡ ವೇಮಂಡ್ ವಿಷಯದಲ್ಲಿ ಮಾತ್ರ ಚಿತ್ರ ಮತ್ತೆ ನಿಜ ಹೇಳುತ್ತೆ. ಅವನು ಪೆದ್ದನ ಹಾಗೆ ಕಾಣ್ತಾನೆ, ಸಿಕ್ಕಿದ್ದಕ್ಕೆಲ್ಲ ಆಟಿಕೆ ಕಣ್ಣು ಅಂಟಿಸ್ತಾನೆ. ಆದರೆ ಅಧಿಕಾರಿಯನ್ನು ಒಲಿಸಿ ಇನ್ನೊಂದು ವಾರ ಸಮಯ ತರೋದು ಅವನೇ. ಜೇಬಿನಲ್ಲಿ ವಿಚ್ಛೇದನದ ಕಾಗದ ಇಟ್ಟುಕೊಂಡೂ ತರ್ತಾನೆ. ಒಬ್ಬರ ನೆನಪು, ಕ್ಯಾಲೆಂಡರು, ಕ್ಷಮೆ ಕೇಳೋ ಕೆಲಸ ಎಲ್ಲವನ್ನೂ ಇನ್ನೊಬ್ಬರು ವರ್ಷಗಟ್ಟಲೆ ಹೊತ್ತರೆ ಏನಾಗುತ್ತೆ ಅಂತ ಆ ಕಾಗದ ಹೇಳುತ್ತೆ. ನಮ್ಮಲ್ಲಾದರೆ ಆ ಕೆಲಸ ಬಹಳ ಸಲ ಹೆಂಡತಿಯದ್ದು ಅಥವಾ ಅಮ್ಮನದ್ದು, ಅದಕ್ಕೊಂದು ಹೆಸರೂ ಇರಲ್ಲ. ಮಗಳು ಜಾಯ್‌ಳ ಇನ್ನೊಂದು ರೂಪಕ್ಕೆ ಎಲ್ಲ ಒಟ್ಟಿಗೇ ಕಂಡು ಕಂಡು ಯಾವುದರಲ್ಲೂ ಅರ್ಥ ಉಳಿದಿರಲ್ಲ. ಅವಳು ತಾಯಿಯ ಮಗಳೇ. ಅವಳಿ ಮಕ್ಕಳ ಅಧ್ಯಯನಗಳು ಎಡಿಎಚ್‌ಡಿಯಲ್ಲಿ ಆನುವಂಶಿಕತೆಯ ಪಾಲು ಶೇ. 70ಕ್ಕೂ ಹೆಚ್ಚು ಅನ್ನುತ್ತವೆ. ಮಗುವಿಗೆ ಪತ್ತೆಯಾದ ಮೇಲೆ ತಮ್ಮನ್ನು ಗುರುತಿಸಿಕೊಳ್ಳುವ ತಂದೆತಾಯಂದಿರೂ ಇದ್ದಾರೆ.

ಕೊನೆಯಲ್ಲಿ ಮನೆಯವರೆಲ್ಲ ಮತ್ತೆ ಅದೇ ತೆರಿಗೆ ಕಚೇರಿಗೆ ಬರ್ತಾರೆ. ಅಧಿಕಾರಿ ಮಾತಾಡ್ತಿದ್ದಂತೆ ಎವೆಲಿನ್ ಕಿವಿಯಲ್ಲಿ ಬೇರೆ ವಿಶ್ವಗಳ ಸದ್ದು ಏಳುತ್ತೆ, ಅವಳು ತೇಲಿ ಹೋಗ್ತಾಳೆ, ವಾಪಸ್ ಬಂದು ಏನಂದಿರಿ ಅಂತ ಕೇಳ್ತಾಳೆ. ಗುಣವಾಗಿಬಿಟ್ಟಿತು ಅಂತ ತೋರಿಸದೇ ಇದ್ದದ್ದಕ್ಕೆ ನಿರ್ದೇಶಕರಿಗೆ ನಮಸ್ಕಾರ. ಆದರೆ ಈ ಸಲ ಲೆಕ್ಕಪತ್ರ ಮೊದಲಿಗಿಂತ ಸರಿಯಾಗಿದೆಯಂತೆ. ನಡುವಿನ ದಿನಗಳಲ್ಲಿ ಅಷ್ಟೂ ರಸೀದಿಗಳನ್ನು ಕೂತು ವಿಂಗಡಿಸಿದ್ದು ಯಾರು, ಹೇಗೆ? ಎರಡೂಕಾಲು ಗಂಟೆಯ ಸಿನಿಮಾದಲ್ಲಿ ನಾನು ನೋಡಬೇಕೆಂದಿದ್ದ ದೃಶ್ಯ ಅದು. ಚಿತ್ರ ಅಲ್ಲಿ ಕಟ್ ಮಾಡಿ ಮುಂದೆ ಹೋಗಿಬಿಡುತ್ತೆ.